ಮ್ಯಾಲಕ್ ಮತ್ತು ಒಂದು ಗುಣಾಕಾರದ ಇತಿಹಾಸ

ಸಿ ಭಾಷೆಯನ್ನು ಕಲಿತವರೆಲ್ಲರೂ ಒಂದಲ್ಲ ಒಂದು ಹಂತದಲ್ಲಿ ಮ್ಯಾಲಕ್ ಎಂಬ ಫಂಕ್ಷನ್ನನ್ನು ಬಳಸಿರುತ್ತಾರೆ. ಪ್ರೋಗ್ರಾಮ್ ಓಡುತ್ತಿರುವಾಗಲೇ ಗಣಕದ ಸ್ಮೃತಿಯಲ್ಲಿ ಇಷ್ಟು ಬೈಟ್ ಜಾಗ ಬೇಕೆಂದು ಕೇಳುವ ವಿಧಾನ ಅದು. ಜಾಗ ಇದ್ದರೆ ಅದರ ಮೊದಲ ಬೈಟಿನ ವಿಳಾಸ ಸಿಗುತ್ತದೆ, ಇಲ್ಲದಿದ್ದರೆ ಶೂನ್ಯ ವಿಳಾಸ ಬರುತ್ತದೆ. ಕೆಲಸ ಮುಗಿದ ನಂತರ ಫ್ರೀ ಎಂಬ ಇನ್ನೊಂದು ಫಂಕ್ಷನ್ನಿನ ಮೂಲಕ ಆ ಜಾಗವನ್ನು ಹಿಂದಿರುಗಿಸಬೇಕು. ಪಠ್ಯಪುಸ್ತಕಗಳು ಈ ಜಾಗದಲ್ಲಿ ಎರಡು ಎಚ್ಚರಿಕೆಗಳನ್ನು ತಪ್ಪದೆ ಹೇಳುತ್ತವೆ. ಬಂದ ವಿಳಾಸ ಶೂನ್ಯವೇ ಎಂದು ಪರೀಕ್ಷಿಸಿ, ಪಡೆದದ್ದನ್ನು ಹಿಂದಿರುಗಿಸಲು ಮರೆಯಬೇಡಿ. ಎರಡೂ ಸರಿಯೇ. ಆದರೆ ಅದೇ ಪುಟದಲ್ಲಿ, ಯಾವ ಎಚ್ಚರಿಕೆಯೂ ಇಲ್ಲದೆ, ಒಂದು ಗುಣಾಕಾರವೂ ಅಚ್ಚಾಗಿರುತ್ತದೆ: ಅಂಶಗಳ ಸಂಖ್ಯೆ × ಒಂದು ಅಂಶದ ಗಾತ್ರ. ಈ ಗುಣಾಕಾರ ತಪ್ಪಬಹುದೆಂಬುದು ಗಣಕ ಪ್ರಪಂಚಕ್ಕೆ ಸರಿಯಾಗಿ ಅರಿವಾಗಲು ಇಪ್ಪತ್ತಕ್ಕೂ ಹೆಚ್ಚು ವರ್ಷಗಳು ಬೇಕಾದವು. ಅದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ.

ಮೊದಲು ಗುಣಾಕಾರ ಹೇಗೆ ತಪ್ಪುತ್ತದೆ ಎಂಬುದನ್ನು ನೋಡೋಣ. ಸ್ಕೂಟರಿನ ದೂರಮಾಪಕದಲ್ಲಿ ಐದು ಅಂಕಿಗಳಿದ್ದರೆ 99,999 ಆದ ಮೇಲೆ ಮತ್ತೆ 00,000 ಬರುತ್ತದೆ. ಗಾಡಿ ಹೊಸದಾಯಿತೆಂದು ಯಾರೂ ತಿಳಿಯುವುದಿಲ್ಲ, ಏಕೆಂದರೆ ನೋಡುವವರು ಮನುಷ್ಯರು. ಗಣಕದಲ್ಲಿ ಪೂರ್ಣಾಂಕಗಳಿಗೂ ಹೀಗೆಯೇ ನಿಗದಿಯಾದ ಅಗಲವಿದೆ. 16 ಬಿಟ್‌ಗಳ ಚಿಹ್ನೆರಹಿತ ಸಂಖ್ಯೆ 65,535ರವರೆಗೆ ಹೋಗಿ ಸೊನ್ನೆಗೆ ಮರಳುತ್ತದೆ. 32 ಬಿಟ್‌ಗಳದ್ದು 4,29,49,67,295ರ ನಂತರ ಮರಳುತ್ತದೆ. ಸಿ ಭಾಷೆಯ ಮಾನಕದ ಪ್ರಕಾರ ಚಿಹ್ನೆರಹಿತ ಸಂಖ್ಯೆಗಳಲ್ಲಿ ಇದು ದೋಷವೂ ಅಲ್ಲ. ಉತ್ತರವನ್ನು 2ರ 16ನೇ ಅಥವಾ 32ನೇ ಘಾತದಿಂದ ಭಾಗಿಸಿದಾಗ ಉಳಿಯುವ ಶೇಷವೇ ಸರಿಯಾದ ಫಲ. ಗಣಕ ಗೊಣಗುವುದಿಲ್ಲ.

ನಮ್ಮ ಕಾಲೇಜುಗಳಲ್ಲಿ ಬಹಳ ಕಾಲ ಡಾಸ್ ಮೇಲೆ ಓಡುವ 16 ಬಿಟ್ ಕಂಪೈಲರುಗಳಲ್ಲೇ ಸಿ ಪಾಠ ನಡೆಯುತ್ತಿತ್ತು. ಅಂಥದ್ದರಲ್ಲಿ ಒಬ್ಬ ವಿದ್ಯಾರ್ಥಿ 100 × 100ರ ಒಂದು ಮಾತೃಕೆಗೆ ಜಾಗ ಕೇಳುತ್ತಾನೆ ಎಂದುಕೊಳ್ಳಿ. ಪ್ರತಿ ಅಂಶವೂ 8 ಬೈಟಿನ ದಶಮಾಂಶ ಸಂಖ್ಯೆ. ಬೇಕಾದದ್ದು 80,000 ಬೈಟ್. ಆದರೆ 16 ಬಿಟ್‌ಗಳಲ್ಲಿ ಗುಣಾಕಾರದ ಫಲ 80,000 − 65,536, ಅಂದರೆ 14,464. ಮ್ಯಾಲಕ್‌ಗೆ ತಲುಪುವುದು ಈ ಸಂಖ್ಯೆ ಮಾತ್ರ. ಅದು ಸಂತೋಷದಿಂದ 14,464 ಬೈಟ್ ಕೊಡುತ್ತದೆ, ವಿಳಾಸ ಶೂನ್ಯವಲ್ಲ, ವಿದ್ಯಾರ್ಥಿಯ ಪರೀಕ್ಷೆಯೂ ಪಾಸಾಗುತ್ತದೆ. ಆ ಜಾಗದಲ್ಲಿ ಹಿಡಿಯುವುದು 1,808 ಸಂಖ್ಯೆಗಳು, ಎಂದರೆ ಹದಿನೆಂಟು ಸಾಲು ಮತ್ತು ಹತ್ತೊಂಬತ್ತನೆಯದರಲ್ಲಿ ಎಂಟು. ಉಳಿದ ಸಾಲುಗಳು ಬೇರೆಯವರ ಜಾಗದಲ್ಲಿ ಬರೆಯಲ್ಪಡುತ್ತವೆ. ಪಠ್ಯಪುಸ್ತಕದ ಎರಡು ಎಚ್ಚರಿಕೆಗಳನ್ನೂ ಪಾಲಿಸಿದ ಪ್ರೋಗ್ರಾಮ್ ಇದು ಎಂಬುದನ್ನು ಗಮನಿಸಿ.

ಇಂಥ ಏರ್ಪಾಡು ಎಲ್ಲಿಂದ ಬಂತು? ಸ್ಮೃತಿಯನ್ನು ಬೇಕಾದಾಗ ಕೇಳಿ ಪಡೆಯುವ ವಿಚಾರ ಸಿ ಭಾಷೆಗಿಂತ ಹಳೆಯದು. ಡೊನಾಲ್ಡ್ ಕನೂತ್ ಅವರ ಪ್ರಸಿದ್ಧ ಗ್ರಂಥಮಾಲೆಯ ಮೊದಲ ಸಂಪುಟ 1968ರಲ್ಲಿ ಬಂದಾಗ ಅದರಲ್ಲಿ ಈ ವಿಷಯಕ್ಕೆಂದೇ ಒಂದು ವಿಭಾಗವಿತ್ತು. ಖಾಲಿ ತುಂಡುಗಳನ್ನು ಸರಪಣಿಯಾಗಿ ಪೋಣಿಸಿಟ್ಟುಕೊಳ್ಳುವುದು, ಕೇಳಿದಾಗ ಸಾಕಷ್ಟು ದೊಡ್ಡದಾದ ಮೊದಲ ತುಂಡನ್ನು ಕತ್ತರಿಸಿ ಕೊಡುವುದು, ಹಿಂದಿರುಗಿದಾಗ ಪಕ್ಕದ ಖಾಲಿ ತುಂಡಿನ ಜೊತೆ ಬೆಸೆಯುವುದು, ಈ ಎಲ್ಲ ತಂತ್ರಗಳೂ ಅಲ್ಲಿವೆ. ಭೌತವಿಜ್ಞಾನದವರಿಗೆ ಮಾತ್ರ ಇದರ ಪರಿಚಯ ತಡವಾಗಿ ಆಯಿತು. ನಾವು ಬಳಸುತ್ತಿದ್ದ ಫೋರ್ಟ್ರಾನ್ 77ರ ಮಾನಕದಲ್ಲಿ ಇಂಥ ಸೌಲಭ್ಯವೇ ಇರಲಿಲ್ಲ. ಅತಿ ದೊಡ್ಡ ಲೆಕ್ಕಕ್ಕೆ ಎಷ್ಟು ಬೇಕಾದೀತೋ ಅಷ್ಟು ದೊಡ್ಡ ಸರಣಿಯನ್ನು ಮೊದಲೇ ಘೋಷಿಸಿ, ಸಣ್ಣ ಲೆಕ್ಕಗಳಿಗೆ ಅದರ ಒಂದು ಮೂಲೆಯನ್ನು ಬಳಸುವುದು ವಾಡಿಕೆಯಾಗಿತ್ತು. ಜಾಗ ವ್ಯರ್ಥವಾಗುತ್ತಿತ್ತು ನಿಜ, ಈ ಗುಣಾಕಾರದ ತೊಂದರೆಯೂ ಇರಲಿಲ್ಲ.

ಸಿ ಭಾಷೆ 1970ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚಿಯವರ ಕೈಯಲ್ಲಿ ರೂಪುಗೊಂಡಿತು. ಅವರೂ ಕೆನ್ ಥಾಂಪ್ಸನ್ ಅವರೂ ಯುನಿಕ್ಸ್ ಕಾರ್ಯಾಚರಣಾ ವ್ಯವಸ್ಥೆಯನ್ನು ಬೆಳೆಸಿದ ಮೊದಲ ಪಿಡಿಪಿ-11 ಯಂತ್ರಕ್ಕೆ ಇದ್ದದ್ದು 24 ಕಿಲೋಬೈಟ್ ಸ್ಮೃತಿ. ಈ ಲೇಖನದಷ್ಟು ಕನ್ನಡ ಬರಹವನ್ನು ಯುನಿಕೋಡಿನಲ್ಲಿ ಇಟ್ಟರೆ ಅದೇ ಅಷ್ಟನ್ನು ಮೀರುತ್ತದೆ! ಅಲ್ಲಿ ಪ್ರತಿ ಬೈಟೂ, ಪ್ರತಿ ಸೂಚನೆಯೂ ಲೆಕ್ಕಕ್ಕೆ ಬರುತ್ತಿತ್ತು. ಆದ್ದರಿಂದ ಸರಣಿಯ ಗಡಿ ದಾಟಿದರೆ ತಡೆಯುವ ಪರೀಕ್ಷೆಯನ್ನು ಭಾಷೆ ತಾನಾಗಿ ಮಾಡಲಿಲ್ಲ. ಏನು ಮಾಡುತ್ತಿದ್ದೇನೆಂಬುದು ಬರೆಯುವವನಿಗೆ ಗೊತ್ತಿದೆ ಎಂದು ನಂಬಿತು.

1978ರಲ್ಲಿ ಬ್ರಯಾನ್ ಕರ್ನಿಘನ್ ಮತ್ತು ರಿಚಿ ಸಿ ಭಾಷೆಯ ಪುಸ್ತಕವನ್ನು ಪ್ರಕಟಿಸಿದರು. ಅದರ ಕೊನೆಯ ಅಧ್ಯಾಯದಲ್ಲಿ ಸ್ಮೃತಿ ಹಂಚಿಕೆಯ ಒಂದು ಪುಟ್ಟ ಪ್ರೋಗ್ರಾಮ್ ಇದೆ. ಅದು ಪಾಠಕ್ಕೆ ಬಹಳ ಒಳ್ಳೆಯದು, ಏಕೆಂದರೆ ಮ್ಯಾಲಕ್ ಒಳಗೆ ಯಾವ ಮಾಯವೂ ಇಲ್ಲವೆಂಬುದು ಅದನ್ನು ಓದಿದರೆ ತಿಳಿಯುತ್ತದೆ. ಕೊಟ್ಟ ಪ್ರತಿ ತುಂಡಿನ ಮುಂದೆ ಒಂದು ಸಣ್ಣ ತಲೆಬರಹ, ಅದರಲ್ಲಿ ಈ ತುಂಡು ಎಷ್ಟು ದೊಡ್ಡದು, ಖಾಲಿ ಇದ್ದರೆ ಮುಂದಿನ ಖಾಲಿ ತುಂಡು ಎಲ್ಲಿದೆ ಎಂಬ ವಿವರ. ಎಂದರೆ ಹಂಚಿಕೆಯ ಲೆಕ್ಕಪುಸ್ತಕ ಬೇರೆ ಕಪಾಟಿನಲ್ಲಿಲ್ಲ. ಗಿರಾಕಿಗಳ ಸಾಮಾನಿನ ನಡುನಡುವೆಯೇ ಅದರ ಹಾಳೆಗಳನ್ನು ಇಡಲಾಗಿದೆ. ಯಾರಾದರೂ ತಮ್ಮ ಜಾಗ ಮೀರಿ ಬರೆದರೆ ಮೊದಲು ಅಳಿಯುವುದು ಈ ಹಾಳೆಗಳೇ.

ಮರುವರ್ಷ, 1979ರಲ್ಲಿ, ಯುನಿಕ್ಸಿನ ಏಳನೇ ಆವೃತ್ತಿ ಹೊರಬಂತು. ಅದರ ಲೈಬ್ರರಿಯಲ್ಲಿ ಮ್ಯಾಲಕ್ ಜೊತೆಗೆ ಕ್ಯಾಲಕ್ ಎಂಬುದೂ ಇತ್ತು. ಕ್ಯಾಲಕ್ ಎರಡು ಸಂಖ್ಯೆಗಳನ್ನು ಪ್ರತ್ಯೇಕವಾಗಿ ತೆಗೆದುಕೊಳ್ಳುತ್ತದೆ: ಎಷ್ಟು ಅಂಶಗಳು, ಒಂದೊಂದೂ ಎಷ್ಟು ಬೈಟ್. ಪಡೆದ ಜಾಗಕ್ಕೆಲ್ಲ ಸೊನ್ನೆ ತುಂಬಿ ಕೊಡುತ್ತದೆ. ಗುಣಾಕಾರವನ್ನು ಲೈಬ್ರರಿಯೇ ಮಾಡುವುದರಿಂದ ಅದನ್ನು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ. ಆದರೆ ಆ ಕ್ಯಾಲಕ್‌ನ ಮೂಲ ಬರಹದಲ್ಲಿ ನಡೆಯುವುದು ಇಷ್ಟು: ಮೊದಲ ಸಂಖ್ಯೆಯನ್ನು ಎರಡನೆಯದರಿಂದ ಗುಣಿಸು, ಬಂದದ್ದನ್ನು ಮ್ಯಾಲಕ್‌ಗೆ ಕೊಡು. ಪರೀಕ್ಷೆ ಇಲ್ಲ.

ಇದನ್ನು ಅಜಾಗರೂಕತೆ ಎಂದು ತಳ್ಳಿಹಾಕುವುದು ನ್ಯಾಯವಲ್ಲ ಎಂದು ನನ್ನ ಅಭಿಪ್ರಾಯ. ಪಿಡಿಪಿ-11ರಲ್ಲಿ ವಿಳಾಸಗಳೇ 16 ಬಿಟ್‌ಗಳವು. ಗುಣಾಕಾರ ಉಕ್ಕಿ ಹರಿಯಬೇಕಾದರೆ ಒಂದು ಪ್ರೋಗ್ರಾಮಿಗೆ ಕಾಣುವ ಇಡೀ ಸ್ಮೃತಿಗಿಂತ ದೊಡ್ಡ ಸರಣಿಯನ್ನು ಕೇಳಬೇಕು. ಆ ಸಂಖ್ಯೆಯನ್ನು ಬರೆಯುವವನು ಅದೇ ಪ್ರೋಗ್ರಾಮಿನ ಕರ್ತೃ, ಇಲ್ಲವೇ ಅವನ ಪಕ್ಕದ ಟರ್ಮಿನಲ್ಲಿನಲ್ಲಿ ಕುಳಿತ ಸಹೋದ್ಯೋಗಿ. ತನ್ನ ಕೆಲಸವನ್ನು ತಾನೇ ಕೆಡಿಸಿಕೊಳ್ಳುವ ಉದ್ದೇಶ ಯಾರಿಗೂ ಇರಲಾರದು. ಮುಂದೆ ಬದಲಾದದ್ದು ಗುಣಾಕಾರವಲ್ಲ. ಗುಣಿಸಬೇಕಾದ ಸಂಖ್ಯೆ ಎಲ್ಲಿಂದ ಬರುತ್ತದೆ ಎಂಬುದು ಬದಲಾಯಿತು. ಗಣಕಗಳು ಜಾಲದಲ್ಲಿ ಸೇರಿಕೊಂಡ ಮೇಲೆ ಆ ಸಂಖ್ಯೆ ಅಪರಿಚಿತರಿಂದ ಬರತೊಡಗಿತು.

1988ರ ನವೆಂಬರ್ 2ರಂದು ಅಂತರಜಾಲದಲ್ಲಿ ಹರಡಿದ ಮಾರಿಸ್ ಹುಳು ಇದರ ಮೊದಲ ದೊಡ್ಡ ಪಾಠ. 512 ಬೈಟಿನ ಸರಣಿಯೊಳಗೆ ಅದಕ್ಕಿಂತ ಉದ್ದದ ಸಾಲನ್ನು ಓದಿಸಿ ಒಳನುಗ್ಗುವುದು ಅದರ ಒಂದು ದಾರಿಯಾಗಿತ್ತು. ಅಲ್ಲಿ ಸಿಕ್ಕಿಬಿದ್ದದ್ದು ಗೆಟ್ಸ್ ಎಂಬ ಫಂಕ್ಷನ್. ಎಷ್ಟು ಜಾಗವಿದೆ ಎಂಬುದನ್ನು ಅದಕ್ಕೆ ಹೇಳುವ ದಾರಿಯೇ ಇರಲಿಲ್ಲ. ಅದನ್ನು ಸಿ ಮಾನಕದಿಂದ ತೆಗೆದುಹಾಕಿದ್ದು 2011ರಲ್ಲಿ, ಇಪ್ಪತ್ತಮೂರು ವರ್ಷಗಳ ನಂತರ. ಆದರೆ ಆ ಸರಣಿ ಸ್ಥಿರ ಅಳತೆಯದು, ಕೇಳಿ ಪಡೆದದ್ದಲ್ಲ. ಹಾಗಾಗಿ ಹಲವರು ಹೀಗೆ ಯೋಚಿಸಿದರು: ಬಂದ ಮಾಹಿತಿಯ ಉದ್ದವನ್ನು ಮೊದಲೇ ತಿಳಿದು, ಅಷ್ಟೇ ಜಾಗವನ್ನು ಮ್ಯಾಲಕ್‌ನಿಂದ ಪಡೆದರೆ ಉಕ್ಕುವ ಪ್ರಶ್ನೆಯೇ ಇಲ್ಲವಲ್ಲ!

2000ದ ಜುಲೈನಲ್ಲಿ ಈ ನಂಬಿಕೆ ಅಲುಗಾಡಿತು. ಸೋಲಾರ್ ಡಿಸೈನರ್ ಎಂಬ ಹೆಸರಿನಿಂದ ಬರೆಯುವ ರಷ್ಯಾದ ತಜ್ಞರೊಬ್ಬರು ನೆಟ್‌ಸ್ಕೇಪ್ ಬ್ರೌಸರಿನ ಒಂದು ದೋಷವನ್ನು ವಿವರಿಸಿದರು. ಜೆಪೆಗ್ ಚಿತ್ರಗಳಲ್ಲಿ ಟಿಪ್ಪಣಿ ಬರೆಯಲು ಒಂದು ಭಾಗವಿದೆ. ಅದರ ಆರಂಭದಲ್ಲಿ ಎರಡು ಬೈಟ್‌ಗಳಲ್ಲಿ ಉದ್ದ ಇರುತ್ತದೆ, ಆ ಉದ್ದದಲ್ಲಿ ಈ ಎರಡು ಬೈಟ್‌ಗಳೂ ಸೇರಿರುತ್ತವೆ. ಆದ್ದರಿಂದ ಟಿಪ್ಪಣಿಯ ನಿಜವಾದ ಉದ್ದಕ್ಕೆ 2 ಕಳೆಯಬೇಕು, ಕೊನೆಯ ಗುರುತಿಗೆ 1 ಕೂಡಬೇಕು. ಕಿಡಿಗೇಡಿಯೊಬ್ಬ ಉದ್ದದ ಜಾಗದಲ್ಲಿ 1 ಎಂದು ಬರೆದರೆ? 1 − 2 + 1 = 0. ಸೊನ್ನೆ ಬೈಟ್ ಜಾಗ ಸಿಗುತ್ತದೆ. ಓದಬೇಕಾದ ಉದ್ದ ಮಾತ್ರ −1, ಅದನ್ನು ಚಿಹ್ನೆರಹಿತವಾಗಿ ಓದಿದರೆ ನಾನ್ನೂರು ಕೋಟಿಗೂ ಮೀರಿದ ಸಂಖ್ಯೆ! ಎರಡನೇ ತರಗತಿಯ ವ್ಯವಕಲನ ಒಂದು ಬ್ರೌಸರನ್ನು ಕೆಡವಿತು. ಅದಕ್ಕಿಂತ ಮುಖ್ಯವಾಗಿ, ಉಕ್ಕಿದ ಮಾಹಿತಿ ತುಂಡುಗಳ ನಡುವಿನ ಲೆಕ್ಕದ ಹಾಳೆಗಳನ್ನು ತಿದ್ದಿದರೆ ಏನಾಗುತ್ತದೆ ಎಂಬುದನ್ನೂ ಅವರು ತೋರಿಸಿದರು. ಖಾಲಿ ತುಂಡನ್ನು ಸರಪಣಿಯಿಂದ ಬಿಡಿಸುವಾಗ ಲೈಬ್ರರಿ ಹಿಂದಿನ ತುಂಡಿಗೆ ಮುಂದಿನದರ ವಿಳಾಸವನ್ನೂ ಮುಂದಿನದಕ್ಕೆ ಹಿಂದಿನದರ ವಿಳಾಸವನ್ನೂ ಬರೆಯುತ್ತದೆ. ಆ ಎರಡು ವಿಳಾಸಗಳೂ ಆಕ್ರಮಣಕಾರನ ಕೈಯಲ್ಲಿದ್ದರೆ, ಅವನು ಹೇಳಿದ ಜಾಗದಲ್ಲಿ ಅವನು ಹೇಳಿದ ಸಂಖ್ಯೆಯನ್ನು ಲೈಬ್ರರಿಯೇ ಬರೆದುಕೊಡುತ್ತದೆ. ಅಲ್ಲಿಗೆ ಗಣಕ ಅವನದಾಗುತ್ತದೆ.

ಆದರೂ ಈ ಇತಿಹಾಸದ ನಡುಬಿಂದು 2002. ಆ ವರ್ಷದ ಮಾರ್ಚಿನಲ್ಲಿ ಜೆಡ್‌ಲಿಬ್ ಎಂಬ ಮಾಹಿತಿ ಸಂಕೋಚನ ಲೈಬ್ರರಿ ಒಂದೇ ಜಾಗವನ್ನು ಎರಡು ಬಾರಿ ಹಿಂದಿರುಗಿಸಬಹುದೆಂದು ಬೆಳಕಿಗೆ ಬಂತು. ಜೂನ್ ತಿಂಗಳಲ್ಲಿ ಓಪನ್‌ಎಸ್‌ಎಸ್‌ಎಚ್ ಸರದಿ. ದೂರದ ಗಣಕವೊಂದಕ್ಕೆ ಗುಪ್ತಲಿಪಿಯ ಮೂಲಕ ಸುರಕ್ಷಿತವಾಗಿ ಪ್ರವೇಶಿಸಲು ಜಗತ್ತೇ ಬಳಸುತ್ತಿದ್ದ ತಂತ್ರಾಂಶ ಅದು. ಬರೆದವರು ಓಪನ್‌ಬಿಎಸ್‌ಡಿ ತಂಡದವರು. ಕೆನಡಾದ ಕ್ಯಾಲ್ಗರಿಯಲ್ಲಿದ್ದ ಥಿಯೋ ಡಿ ರಾಟ್ ನೇತೃತ್ವದ ಈ ತಂಡ ಭದ್ರತೆಯ ವಿಷಯದಲ್ಲಿ ಅತ್ಯಂತ ಕಟ್ಟುನಿಟ್ಟು ಎಂದು ಹೆಸರಾಗಿತ್ತು. ಸಾಲು ಸಾಲಾಗಿ ಮೂಲ ಬರಹವನ್ನು ಓದಿ ತಪಾಸಣೆ ಮಾಡುವುದು ಅವರ ಕ್ರಮ. ಅವರ ಕಣ್ಣಿಗೂ ಬೀಳದೆ ಉಳಿದದ್ದು ನಾವು ಮಾತನಾಡುತ್ತಿರುವ ಈ ಗುಣಾಕಾರವೇ.

ಪ್ರವೇಶ ಬಯಸುವವನಿಗೆ ಸರ್ವರ್ ಕೆಲವು ಪ್ರಶ್ನೆ ಕೇಳುತ್ತದೆ. ಉತ್ತರ ಕಳಿಸುವವನು ಮೊದಲು ಎಷ್ಟು ಉತ್ತರಗಳಿವೆ ಎಂಬ ಸಂಖ್ಯೆಯನ್ನು ಕಳಿಸಬೇಕು. ಸರ್ವರ್ ಆ ಸಂಖ್ಯೆಯನ್ನು ಒಂದು ಪಾಯಿಂಟರಿನ ಗಾತ್ರವಾದ 4ರಿಂದ ಗುಣಿಸಿ ಜಾಗ ಪಡೆದು, ಉತ್ತರಗಳನ್ನು ಒಂದೊಂದಾಗಿ ಓದಿ ಅವುಗಳ ವಿಳಾಸಗಳನ್ನು ಅಲ್ಲಿ ಜೋಡಿಸುತ್ತದೆ. ಬಂದ ಸಂಖ್ಯೆ 1,07,37,41,825 ಆಗಿದ್ದರೆ? ನಾಲ್ಕರಿಂದ ಗುಣಿಸಿದಾಗ 4,29,49,67,300. ಅದರಿಂದ 2ರ 32ನೇ ಘಾತವಾದ 4,29,49,67,296 ಕಳೆದರೆ ಉಳಿಯುವುದು 4. ನಾಲ್ಕು ಬೈಟ್ ಜಾಗ ಪಡೆದ ಸರ್ವರ್ ನೂರಏಳು ಕೋಟಿ ವಿಳಾಸಗಳನ್ನು ಜೋಡಿಸಲು ಹೊರಡುತ್ತದೆ. ಇಲ್ಲಿ ಒಂದು ಸೂಕ್ಷ್ಮವಿದೆ. ಓಪನ್‌ಎಸ್‌ಎಸ್‌ಎಚ್ ಮ್ಯಾಲಕ್‌ನ್ನು ನೇರವಾಗಿ ಕರೆಯುತ್ತಿರಲಿಲ್ಲ. ಶೂನ್ಯ ವಿಳಾಸ ಬಂದರೆ, ಸೊನ್ನೆ ಬೈಟ್ ಕೇಳಿದರೂ ಕೂಡ, ಅಲ್ಲೇ ಪ್ರೋಗ್ರಾಮನ್ನು ನಿಲ್ಲಿಸುವ ತನ್ನದೇ ಹೊದಿಕೆಯ ಮೂಲಕ ಕರೆಯುತ್ತಿತ್ತು. ಆದರೆ ಹೊದಿಕೆಯ ಬಾಗಿಲಿಗೆ ಬರುವ ಹೊತ್ತಿಗೆ ಗುಣಾಕಾರ ಮುಗಿದಿತ್ತು. ಒಳಗಿದ್ದವರಿಗೆ ಕಂಡದ್ದು 4 ಎಂಬ ನಿರುಪದ್ರವಿ ಸಂಖ್ಯೆ.

ಹಿಂದಿನ ವಾರವಷ್ಟೇ ಹೊರಬಂದಿದ್ದ 3.3ನೇ ಆವೃತ್ತಿಯಲ್ಲಿ ಅಧಿಕಾರ ವಿಭಜನೆ ಎಂಬ ಏರ್ಪಾಡು ತಾನಾಗಿ ಜಾರಿಯಲ್ಲಿರುತ್ತಿತ್ತು. ಜಾಲದಿಂದ ಬಂದದ್ದನ್ನು ಓದುವ ಭಾಗಕ್ಕೆ ಯಾವ ವಿಶೇಷ ಅಧಿಕಾರವನ್ನೂ ಕೊಡದಿರುವುದು ಅದರ ತತ್ತ್ವ. ದೋಷ ಏನೆಂದು ಬಹಿರಂಗಪಡಿಸುವ ಮೊದಲೇ ಡಿ ರಾಟ್ ಎಲ್ಲರಿಗೂ ಅದಕ್ಕೆ ಬದಲಾಯಿಸಿಕೊಳ್ಳಲು ಒತ್ತಾಯಿಸಿದರು. ಕಾರಣ ಹೇಳದೆ ಒತ್ತಾಯಿಸಿದ್ದಕ್ಕೆ ಸಾಕಷ್ಟು ಜನ ಸಿಟ್ಟಾದರು. ಜೂನ್ 26ರಂದು 3.4ನೇ ಆವೃತ್ತಿಯೊಂದಿಗೆ ವಿವರಗಳು ಹೊರಬಂದವು. ದುರಸ್ತಿ ಮಾತ್ರ ಬಹಳ ಸರಳ. ಉತ್ತರಗಳ ಸಂಖ್ಯೆ 100ಕ್ಕಿಂತ ಹೆಚ್ಚಿದ್ದರೆ ನಿಲ್ಲಿಸು. ಭೌತವಿಜ್ಞಾನದ ಪ್ರಯೋಗಗಳಲ್ಲಿ ಅಳತೆ ಅಸಂಬದ್ಧವಾಗಿ ದೊಡ್ಡದಾಗಿ ಬಂದರೆ ಮುಂದಿನ ಲೆಕ್ಕ ಮಾಡದೆ ಉಪಕರಣವನ್ನು ನೋಡಿ ಎನ್ನುತ್ತೇವಲ್ಲ, ಅದೇ ವಿವೇಕ. ಪೂರ್ವನಿಯೋಜಿತ ಸ್ಥಾಪನೆಯಲ್ಲಿ ಹೊರಗಿನಿಂದ ನುಗ್ಗುವ ರಂಧ್ರವೇ ಇಲ್ಲವೆಂದು ವರ್ಷಗಳ ಕಾಲ ತಮ್ಮ ತಾಣದಲ್ಲಿ ಹೇಳಿಕೊಂಡಿದ್ದ ತಂಡ, ಸುಮಾರು ಆರು ವರ್ಷಗಳಲ್ಲಿ ಒಂದೇ ರಂಧ್ರ ಎಂದು ಆ ಸಾಲನ್ನು ತಿದ್ದಿಕೊಂಡಿತು.

ಇದಾಗಿ ಒಂದು ತಿಂಗಳಲ್ಲಿ, ಸನ್ ಕಂಪನಿ 1980ರ ದಶಕದಲ್ಲಿ ಬರೆದು ಅನೇಕ ಯುನಿಕ್ಸ್‌ಗಳಿಗೆ ಹಂಚಿಹೋಗಿದ್ದ ದೂರಕರೆ ಲೈಬ್ರರಿಯಲ್ಲೂ ಇದೇ ಗುಣಾಕಾರ ಸಿಕ್ಕಿತು. ಆಗ ಜರ್ಮನಿಯ ಸ್ಟುಟ್‌ಗಾರ್ಟ್ ವಿಶ್ವವಿದ್ಯಾಲಯದ ಗಣಕ ಭದ್ರತಾ ತಂಡ ಒಂದು ಹೆಜ್ಜೆ ಹಿಂದೆ ಹೋಗಿ ಮೂಲಭೂತ ಪ್ರಶ್ನೆಯನ್ನು ಕೇಳಿತು. ಈ ಕೆಲಸಕ್ಕೆಂದೇ ಇರುವ ಕ್ಯಾಲಕ್ ಆದರೂ ಪರೀಕ್ಷಿಸುತ್ತದೆಯೇ? 2002ರ ಆಗಸ್ಟ್‌ನಲ್ಲಿ ಅವರು ಪ್ರಕಟಿಸಿದ ಉತ್ತರ ಮುಜುಗರದ್ದು. ಲಿನಕ್ಸ್‌ನ ಮುಖ್ಯ ಸಿ ಲೈಬ್ರರಿಯೂ ಸೇರಿದಂತೆ ಹಲವು ಲೈಬ್ರರಿಗಳಲ್ಲಿ ಪರೀಕ್ಷೆ ಇರಲಿಲ್ಲ. 1979ರ ಆ ಒಂದು ಸಾಲು ಬೇರೆ ಬೇರೆ ಕೈಗಳಲ್ಲಿ ಮತ್ತೆ ಮತ್ತೆ ಬರೆಯಲ್ಪಟ್ಟು ಹಾಗೆಯೇ ಉಳಿದುಬಂದಿತ್ತು. ಬಳಿಕ ಲೈಬ್ರರಿಗಳು ಒಂದೊಂದಾಗಿ ತಿದ್ದಿಕೊಂಡವು.

ಕ್ಯಾಲಕ್ ಸರಿಯಾದರೂ ಅರ್ಧ ಸಮಸ್ಯೆ ಉಳಿಯಿತು. ಸರಣಿ ಬೆಳೆಯುತ್ತಾ ಹೋದಾಗ ಜಾಗ ಹಿಗ್ಗಿಸಲು ರಿಯಾಲಕ್ ಬೇಕು. ಅದು ತೆಗೆದುಕೊಳ್ಳುವುದು ಒಂದೇ ಸಂಖ್ಯೆ, ಹಾಗಾಗಿ ಗುಣಾಕಾರ ಮತ್ತೆ ಬರೆಯುವವನ ತಲೆಗೆ. ಇದಕ್ಕೆ ಉತ್ತರ ಸಿಗಲು ಇನ್ನೊಂದು ಅನಾಹುತ ನಡೆಯಬೇಕಾಯಿತು. 2014ರ ಏಪ್ರಿಲ್‌ನಲ್ಲಿ ಓಪನ್‌ಎಸ್‌ಎಸ್‌ಎಲ್‌ನ ಹಾರ್ಟ್‌ಬ್ಲೀಡ್ ದೋಷ ಬಯಲಾಯಿತು. ಕಳಿಸಿದವನು ಹೇಳಿದ ಉದ್ದವನ್ನು ನಂಬಿ, ಒಂದು ಬಾರಿಗೆ 64 ಕಿಲೋಬೈಟ್‌ವರೆಗೆ ಸರ್ವರಿನ ಸ್ಮೃತಿಯನ್ನು ಹೊರಗೆ ಕಳಿಸಿಬಿಡುವ ದೋಷ ಅದು. ಓಪನ್‌ಎಸ್‌ಎಸ್‌ಎಲ್ ವೇಗಕ್ಕಾಗಿ ತನ್ನದೇ ಖಾಲಿ ತುಂಡುಗಳ ಪಟ್ಟಿಯನ್ನು ಇಟ್ಟುಕೊಂಡಿತ್ತು. ಇದರಿಂದ ಓಪನ್‌ಬಿಎಸ್‌ಡಿಯ ಮ್ಯಾಲಕ್‌ನಲ್ಲಿದ್ದ ರಕ್ಷಣೆಗಳು ಕೆಲಸಕ್ಕೇ ಬಾರದೆ ಹೋದವು. ಬೇಸತ್ತ ಓಪನ್‌ಬಿಎಸ್‌ಡಿ ತಂಡ ಅದೇ ತಿಂಗಳು ಲಿಬ್ರೆಎಸ್‌ಎಸ್‌ಎಲ್ ಎಂಬ ಕವಲನ್ನು ಆರಂಭಿಸಿ ಹಳೆಯ ಬರಹವನ್ನು ಶುಚಿಮಾಡತೊಡಗಿತು. ಅಲ್ಲಿ ಗುಣಾಕಾರಗಳಿಗೇನೂ ಬರವಿರಲಿಲ್ಲ. ಅವುಗಳ ಜಾಗದಲ್ಲಿ ಬಳಸಲು ಬಂದದ್ದು ರಿಯಾಲಕ್‌ಅರೇ. ಇದು ರಿಯಾಲಕ್‌ನಂತೆಯೇ, ಆದರೆ ಸಂಖ್ಯೆ ಮತ್ತು ಗಾತ್ರಗಳನ್ನು ಬೇರೆಯಾಗಿ ಪಡೆಯುತ್ತದೆ.

ಅದರೊಳಗಿನ ಪರೀಕ್ಷೆ ಗಣಿತದ ದೃಷ್ಟಿಯಿಂದ ಚೆಂದವಾಗಿದೆ, ತರಗತಿಯಲ್ಲಿ ಐದು ನಿಮಿಷ ಕೊಡಬಹುದು. ಗುಣಿಸಿದ ಮೇಲೆ ನೋಡಿದರೆ ಪ್ರಯೋಜನವಿಲ್ಲ, ಶೇಷ ಮಾತ್ರ ಉಳಿದಿರುತ್ತದೆ. ಮೊದಲೇ ತಿಳಿಯಬೇಕಾದರೆ ಭಾಗಾಕಾರ ಮಾಡಬೇಕು. ಗರಿಷ್ಠ ಸಂಖ್ಯೆಯನ್ನು ಅಂಶಗಳ ಸಂಖ್ಯೆಯಿಂದ ಭಾಗಿಸಿದಾಗ ಬರುವ ಭಾಗಲಬ್ಧ ಒಂದು ಅಂಶದ ಗಾತ್ರಕ್ಕಿಂತ ಕಡಿಮೆಯಿದ್ದರೆ ಗುಣಲಬ್ಧ ಹಿಡಿಸುವುದಿಲ್ಲ. ಆದರೆ ಗಣಕಕ್ಕೆ ಭಾಗಾಕಾರ ನಿಧಾನದ ಕೆಲಸ. ಆದ್ದರಿಂದ ಮೊದಲು ಇನ್ನೊಂದನ್ನು ನೋಡುತ್ತಾರೆ. 32 ಬಿಟ್ ಯಂತ್ರದಲ್ಲಿ ಎರಡೂ ಸಂಖ್ಯೆಗಳು 65,536ಕ್ಕಿಂತ, ಅಂದರೆ 2ರ 16ನೇ ಘಾತಕ್ಕಿಂತ ಕಡಿಮೆಯಿದ್ದರೆ ಗುಣಲಬ್ಧ 2ರ 32ನೇ ಘಾತವನ್ನು ಮುಟ್ಟಲಾರದು. 64 ಬಿಟ್ ಯಂತ್ರದಲ್ಲಿ ಈ ಗಡಿ 2ರ 32ನೇ ಘಾತ. ದಿನನಿತ್ಯದ ಬಹುಪಾಲು ಕೋರಿಕೆಗಳು ಇಲ್ಲೇ ತೇರ್ಗಡೆಯಾಗುತ್ತವೆ. ಅನುಮಾನ ಬಂದಾಗ ಮಾತ್ರ ಭಾಗಾಕಾರ. 24 ಕಿಲೋಬೈಟಿನ ಕಾಲದಲ್ಲೂ ಇದನ್ನು ಸೇರಿಸಬಹುದಿತ್ತೇನೋ, ಆದರೆ ಆಗ ಇದರ ಅಗತ್ಯ ಯಾರಿಗೂ ಕಾಣಲಿಲ್ಲ.

ಲಿನಕ್ಸ್‌ನ ಸಿ ಲೈಬ್ರರಿ 2017ರಲ್ಲಿ ರಿಯಾಲಕ್‌ಅರೇಯನ್ನು ಸೇರಿಸಿಕೊಂಡಿತು. 2018ರಲ್ಲಿ ಲಿನಕ್ಸ್ ಕರ್ನೆಲ್ಲಿನ ಉದ್ದಗಲಕ್ಕೂ ಇಂಥ ಗುಣಾಕಾರಗಳನ್ನು ಹುಡುಕಿ ಸುರಕ್ಷಿತ ರೂಪಕ್ಕೆ ಬದಲಿಸಲಾಯಿತು. ಈ ಕೆಲಸವನ್ನು ಮಾಡಿದ್ದು ಬಹುಮಟ್ಟಿಗೆ ಒಂದು ಸ್ವಯಂಚಾಲಿತ ಸಾಧನ. ಯುನಿಕ್ಸ್ ವ್ಯವಸ್ಥೆಗಳ ಪೋಸಿಕ್ಸ್ ಮಾನಕದಲ್ಲಿ ಇದಕ್ಕೆ 2024ರಲ್ಲಿ ಸ್ಥಾನ ಸಿಕ್ಕಿತು. ಅದೇ ವರ್ಷ ಪ್ರಕಟವಾದ ಸಿ ಭಾಷೆಯ ಹೊಸ ಮಾನಕ, ಸಿ23, ಗುಣಲಬ್ಧ ಹಿಡಿಸದಿದ್ದರೆ ಕ್ಯಾಲಕ್ ಶೂನ್ಯ ವಿಳಾಸವನ್ನೇ ಕೊಡಬೇಕೆಂದು ಬಾಯಿಬಿಟ್ಟು ಹೇಳಿತು. ಏಳನೇ ಆವೃತ್ತಿಯ ಆ ಸಾಲಿನಿಂದ ಇಲ್ಲಿಗೆ 45 ವರ್ಷ.

ಈಗಿನ 64 ಬಿಟ್ ಗಣಕಗಳಲ್ಲಿ ಇದೆಲ್ಲ ಹಳೆಯ ಕಥೆಯಲ್ಲವೇ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಗಾತ್ರವನ್ನು ಹೇಳುವ ಸಂಖ್ಯೆ 64 ಬಿಟ್ ಆಗಿದೆ, ನಿಜ. ಆದರೆ ಸಿ ಭಾಷೆಯ ಸಾಮಾನ್ಯ ಪೂರ್ಣಾಂಕವಾದ ಇಂಟ್ ಇವತ್ತಿಗೂ ಬಹುತೇಕ ಗಣಕಗಳಲ್ಲಿ 32 ಬಿಟ್‌ಗಳದ್ದೇ. 70,000 × 70,000ರ ಮಾತೃಕೆಗೆ ಸಾಲು, ಕಂಬಗಳ ಸಂಖ್ಯೆಯನ್ನು ಇಂಟ್‌ನಲ್ಲಿ ಇಟ್ಟು, ಸಾಲು × ಕಂಬ × ಅಂಶದ ಗಾತ್ರ ಎಂದು ಬರೆದರೆ ಎಡಗಡೆಯ ಗುಣಾಕಾರ ಮೊದಲು ನಡೆಯುತ್ತದೆ, ಅದೂ 32 ಬಿಟ್‌ಗಳಲ್ಲಿ. ಬರಬೇಕಾದದ್ದು 490 ಕೋಟಿ. ಚಿಹ್ನೆಸಹಿತ ಸಂಖ್ಯೆ ಉಕ್ಕಿದರೆ ಏನಾಗಬೇಕೆಂದು ಮಾನಕ ಹೇಳುವುದೇ ಇಲ್ಲ. ಸಾಮಾನ್ಯ ಯಂತ್ರಗಳಲ್ಲಿ ಬರುವುದು 60,50,32,704. ಆಮೇಲೆ 8ರಿಂದ ಗುಣಿಸಿದಾಗ 39 ಗಿಗಾಬೈಟ್ ಬೇಕಾದ ಕಡೆ 5 ಗಿಗಾಬೈಟ್‌ಗೂ ಕಡಿಮೆ ಜಾಗ ಸಿಗುತ್ತದೆ. ಅದೇ ಅಂಶದ ಗಾತ್ರವನ್ನು ಮೊದಲು ಬರೆದು ಆಮೇಲೆ ಸಾಲು, ಕಂಬಗಳಿಂದ ಗುಣಿಸಿದರೆ ಇಡೀ ಲೆಕ್ಕ 64 ಬಿಟ್‌ಗಳಲ್ಲಿ ನಡೆದು ಉತ್ತರ ಸರಿ ಬರುತ್ತದೆ. ಕ್ಯಾಲಕ್‌ಗೆ ಮೊದಲನೆಯದಾಗಿ ಸಾಲುಗಳ ಸಂಖ್ಯೆಯನ್ನೂ ಎರಡನೆಯದಾಗಿ ಒಂದು ಸಾಲಿನ ಬೈಟ್‌ಗಳನ್ನೂ ಕೊಟ್ಟರೆ ಇನ್ನೂ ಒಳ್ಳೆಯದು. ಗುಣಾಕಾರಕ್ಕೆ ಪರಿವರ್ತನೀಯ ನಿಯಮವಿದೆ ಎಂದು ಕಲಿಸುವವರು ನಾವೇ. ಸಿ ಭಾಷೆಯ ಈ ಸಾಲಿಗೆ ಅದು ಅನ್ವಯಿಸುವುದಿಲ್ಲ ಎಂಬುದನ್ನು ಹಲಗೆಯ ಮೇಲೆ ಎರಡು ರೀತಿಯಲ್ಲೂ ಬರೆದು, ಓಡಿಸಿ ತೋರಿಸಿದರೆ ವಿದ್ಯಾರ್ಥಿಗಳು ಬೇಗ ಹಿಡಿಯುತ್ತಾರೆ.